ಮೂರನೇ ಗೇರು

ಧಾಯರಿಯಿಂದ ಚಾಕಣಕ್ಕೆ ನಲವತ್ತೇಳು ಕಿಲೋಮೀಟರು.
ಹೋಗಿ ಬಂದರೆ ತೊಂಬತ್ನಾಲ್ಕು.
ಭಾನುವಾರ ಬಿಟ್ಟು ಲೆಕ್ಕ ಹಾಕಿ, ಗುರುಪಾದ
ಕರೆಂಟು ಬಿಲ್ಲಿನ ಬೆನ್ನಿಗೆ ಗೆರೆ ಎಳೆದ:
ಎಡಕ್ಕೆ ಹಳೇ ಪೋಲೊ, ಡೀಸೆಲ್ಲು, ಹತ್ತು ವರ್ಷದ್ದು;
ಬಲಕ್ಕೆ ಹೊಸ ಐ-ಟ್ವೆಂಟಿ, ಟರ್ಬೊ ಪೆಟ್ರೋಲು, ಆರು ಗೇರು,
ಸೀಟಿನಂಚಿಗೆ ಕೆಂಪು ದಾರದ ಹೊಲಿಗೆ.
ಕೆಳಗೆ, ಯಾರೂ ಕೇಳದಿದ್ದರೂ, ಇನ್ನೊಂದು ಸಾಲು:
‘ಕಂಪನಿ ಬಸ್ಸು. ಪುಕ್ಕಟೆ.’

ಆ ಬಸ್ಸಿನಲ್ಲಿ ಹನ್ನೊಂದು ವರ್ಷ ಕೂತಿದ್ದೇನೆ ಕಣೋ,
ಕಿಟಕಿಗೆ ಹಣೆ ಆನಿಸಿ, ಬಾಯಿ ತೆರೆದು.

ನನ್ನ ಕೆಲಸ ಗೇರಿನ ಹಲ್ಲು ಅಳೆಯುವುದು.
ಕೂದಲೆಳೆಯ ಹತ್ತರಲ್ಲೊಂದು ಪಾಲು ತಪ್ಪಿದರೂ
ಕೆಂಪು ಬಳಿದು ಗುಜರಿ ಡಬ್ಬಿಗೆ ಹಾಕುವುದು.
ಇಂಥವಳಿಗೆ ಒಂದು ಕಾರು ಆರಿಸಲು
ಐದು ತಿಂಗಳು ಹಿಡಿಯಿತು.

ದಾರಿಯೇನೋ ಬಾಯಿಪಾಠ.
ನವಲೆ ಸೇತುವೆಯ ಇಳಿಜಾರು, ಬ್ರೇಕು ಸುಟ್ಟ ಲಾರಿಗಳ ವಾಸನೆ.
ಚಾಂದಣಿ ಚೌಕದಲ್ಲಿ ಮೊದಲನೇ ಗೇರು.
ಭೋಸರಿಯಲ್ಲಿ ಮೊದಲನೆಯದೂ ಹೆಚ್ಚೇ.
ಮೋಶಿ ದಾಟಿದರೆ ಈರುಳ್ಳಿ ಟೆಂಪೊಗಳ ಮೆರವಣಿಗೆ,
ಗಾಜಿಗೆ ಬಂದು ಅಂಟುವ ಸಿಪ್ಪೆ.
ಇಷ್ಟರ ನಡುವೆ, ಪಾಷಾಣ ಕಳೆದು ಸೂಸ್ ತಿರುವು ಬಂದ ಮೇಲೆ,
ಬೆಳಿಗ್ಗೆ ಐದೂ ನಲವತ್ತಕ್ಕೆ ಮಾತ್ರ,
ಎರಡು ಕಿಲೋಮೀಟರು ಖಾಲಿ ರಸ್ತೆ.
ಕಾಸಿಗೆ ತಕ್ಕ ಕಜ್ಜಾಯ ಅಂತಾರೆ.
ನನ್ನ ಕಾಸು ಹನ್ನೆರಡು ಲಕ್ಷ,
ಕಜ್ಜಾಯ ಎರಡು ಕಿಲೋಮೀಟರು.

ಪೋಲೊದ ಒಡೆಯ ಸಾಲಿಸ್‌ಬರಿ ಪಾರ್ಕಿನ ಕೇಕಿ ಸೇಠ್ನಾ.
ಎಪ್ಪತ್ತಾರು. ಕಣ್ಣ ನಡುವಿಗೇ ಮಸಿ ಮೆತ್ತಿಕೊಂಡಿದೆ,
ಲೋಕ ಅಂಚಿನಲ್ಲಷ್ಟೇ ಕಾಣುತ್ತದಂತೆ.
ಕೀಲಿ ನನ್ನ ಕೈಗಿಟ್ಟು ತಾವು ಎಡಕ್ಕೆ ಕೂತರು.
ರೇಸ್‌ಕೋರ್ಸಿನ ಬದಿಗೆ ಬಂದಾಗ ಕೈಯೆತ್ತಿ, ‘ಈಗ’ ಅಂದರು.
ಎರಡರಿಂದ ಮೂರಕ್ಕೆ ಹಾಕಿದೆ.
ಯಾರೋ ಬೆನ್ನಿಗೆ ಅಂಗೈಯಿಟ್ಟು ದೂಡಿದ ಹಾಗೆ.
ಆಗ ಕೇಳಿಸಿತು,
ನೀರು ಕುದಿಯುವ ಮುಂಚೆ ಪಾತ್ರೆ ಎಳೆಯುತ್ತದಲ್ಲ,
ಅಂಥ ಸಣ್ಣ ರಾಗ.
ಒಂದು ಹಲ್ಲು ಸವೆದಿದೆ. ಎಂಟು ಮೈಕ್ರಾನು, ಹತ್ತು ಅನ್ನಿ.
‘ಕೇಳಿತಾ?’
‘ಹ್ಞೂಂ.’
‘ಆರು ವರ್ಷದಿಂದ ಹಾಗೇ. ಮಾಡಿಸಲಿಲ್ಲ.
ಕೊನೆಗೆ ಮೀಟರೇ ಕಾಣುತ್ತಿರಲಿಲ್ಲ ನೋಡು,
ಈ ಸದ್ದು ಕೇಳಿಯೇ ಅರವತ್ತೋ ಎಪ್ಪತ್ತೋ ಅಂತ ಓಡಿಸಿದೆ.
ಆಮೇಲೆ ಮಗಳು ಕೀಲಿ ಬಚ್ಚಿಟ್ಟಳು.’

ಬಾಣೇರಿನ ಶೋರೂಮಿನಲ್ಲಿ ಟೈ ಕಟ್ಟಿದ ಹುಡುಗ:
‘ಸೈಲೆನ್ಸರಿನ ಸದ್ದಿಗೇ ಬೇರೆ ಇಂಜಿನಿಯರುಗಳು ಮೇಡಂ.’
ಸ್ಟಿಯರಿಂಗು, ಹೇಳುವ ಮೊದಲೇ ಮಾತು ಕೇಳಿತು.
ತಪ್ಪು ಹುಡುಕುತ್ತ ನಲವತ್ತು ನಿಮಿಷ ಓಡಿಸಿದೆ,
ಸಿಗಲಿಲ್ಲ.
ಅದೇ ಒಂದು ಅನುಮಾನ.

ಆದರೆ ಸವೆದ ಹಲ್ಲು ಸುಮ್ಮನಿರುವುದಿಲ್ಲ,
ಜೊತೆಯ ಹಲ್ಲನ್ನೂ ತಿನ್ನುತ್ತದೆ.
ಹನ್ನೊಂದು ವರ್ಷ ಅನ್ನ ಹಾಕಿದ ವಿದ್ಯೆ ಅದು.
ಹೊಸದಕ್ಕೇ ಸಹಿ ಹಾಕಿದೆ.

ಮೊದಲ ಸೋಮವಾರ, ಐದೂ ನಲವತ್ತು, ಸೂಸ್ ತಿರುವು.
ಎದುರಿಗೆ ಇಡೀ ರಸ್ತೆ ಹಿಡಿದು
ಮೆಟ್ರೋ ಗರ್ಡರು ಹೊತ್ತ ಟ್ರೇಲರು,
ಅದರ ಹಿಂದೆ ದೀಪ ಮಿಟುಕಿಸುವ ಜೀಪು, ಜೀಪಿನ ಹಿಂದೆ ನಾನು.
ಇಪ್ಪತ್ತರ ವೇಗ.
ನಗು ಬಂತು. ಗಾಜು ಇಳಿಸಿದೆ.

ಮಂಗಳವಾರ ಸಿಕ್ಕಿತು, ಎರಡಕ್ಕೆ ಎರಡೂ ಕಿಲೋಮೀಟರು.
ಅದರ ಬಗ್ಗೆ ಬರೆಯುವುದಿಲ್ಲ.

ಜುಲೈಯಲ್ಲಿ, ಭೋಸರಿಯ ಜಾಮಿನೊಳಗೆ, ಸೇಠ್ನಾರ ಫೋನು.
ಪೋಲೊ ಹೋಯಿತಂತೆ, ಬಾರಾಮತಿಯ ಹುಡುಗನೊಬ್ಬನಿಗೆ.
ಮೊದಲು ಗೇರ್‌ಬಾಕ್ಸು ಬಿಚ್ಚಿಸುತ್ತೇನೆ ಅಂದನಂತೆ.
‘ನಿನ್ನದು? ಮೂರರಲ್ಲಿ ಏನನ್ನುತ್ತದೆ?’
‘ಏನೂ ಇಲ್ಲ ಅಂಕಲ್. ಗಪ್‌ಚುಪ್.’
ಆ ಕಡೆ ಸ್ವಲ್ಪ ಹೊತ್ತು ಉಸಿರು.
‘ಅಯ್ಯೋ ಪಾಪ,’ ಅಂದರು.

ಹಿಂದಿನ ಟೆಂಪೊ ಹಾರ್ನು ಒತ್ತಿತು.
ಒಂದಕ್ಕೆ ಹಾಕಿ
ಒಂದು ಮಾರು ಮುಂದೆ ಹೋದೆ.