ಕಂತಿನ ಹಾಸಿಗೆ

ಹ್ಯಾನ್ಲಿಯ ಏರುರಸ್ತೆಯಲ್ಲಿ, ಸಾಲುಮನೆಗಳ ಸಾಲಿನಲ್ಲಿ
(ಸಾಲು ಅಂದರೂ ಸಾಲವೆಂದೇ ಕೇಳಿಸುವ ದಿನಗಳವು)
ನಲವತ್ತೊಂದನೇ ನಂಬರಿನ ಅಡುಗೆಮನೆಯಲ್ಲಿ
ಭಾನುವಾರ ರಾತ್ರಿ ಗುರುಪಾದ ಪಾತ್ರೆ ತೊಳೆದು,
ಮೇಜು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ,
ಮಗಳ ಹಳೇ ಗಣಿತದ ಪುಸ್ತಕದ
ಕಡೆಯ ಪುಟ ತೆರೆದ.

ಮೊದಲ ಗೆರೆ ಬಾಡಿಗೆ. ಎರಡನೆಯದು ಕೌನ್ಸಿಲ್ ತೆರಿಗೆ.
ಮೂರನೆಯದು ಕರೆಂಟು: ಮೂಲೆಯಂಗಡಿಗೆ ಒಯ್ದು
ದುಡ್ಡು ತುಂಬಿಸಿ ತರಬೇಕಾದ ಕೀಲಿ,
ಹೊಟ್ಟೆ ಬರಿದಾದರೆ ಕೂಗಿ ಅಳುವ ಮೀಟರು.
ಆಮೇಲೆ ಅಕ್ಕಿ, ಬೇಳೆ, ಬಸ್ಸು, ಮೇದಿನಿಯ ಬೂಟು.
ಅಷ್ಟೂ ಬರೆದು, ಪೆನ್ನು ಕೆಳಗಿಟ್ಟು,
"ಈಗ ನಿನ್ನದು ಹೇಳು" ಅಂದ.

ನನ್ನದು.
ಮೂರು ಕಾರ್ಡು, ಒಂದು ಮಂಚ-ಹಾಸಿಗೆ,
ಬಾಗಿಲಿಗೇ ಬಂದ ಪಾರ್ಸಲುಗಳು.
ಮುದುಕರ ಆರೈಕೆಮನೆಯ ರಾತ್ರಿಪಾಳಿಯಲ್ಲಿ
ಡೊರೀನಜ್ಜಿ ನಿದ್ದೆ ಹೋದ ಮೇಲೆ
ಎರಡಕ್ಕೂ ನಾಲ್ಕಕ್ಕೂ ನಡುವೆ
ಫೋನಿನ ಬೆಳಕಿನಲ್ಲಿ ಒತ್ತಿದ ಗುಂಡಿಗಳು.
ಏನು ಕೊಂಡೆ ಅಂದರೆ ನೆನಪಿಲ್ಲ.
ಯಾರೋ ನನ್ನ ಹೆಸರು ಬರೆದು ಏನೋ ಕಳಿಸುತ್ತಾರಲ್ಲ,
ಅದನ್ನು ಕೊಂಡೆ.

ಒಟ್ಟು ಆರು ಸಾವಿರದ ಎಂಟುನೂರ ಹನ್ನೆರಡು ಪೌಂಡು.
ಬರೆಯುವಾಗ ಅವನ ಕೈ ನಡುಗಲಿಲ್ಲ,
ಎಂಟನ್ನು ಮಾತ್ರ ಎರಡು ಸಲ ತಿದ್ದಿದ.
ಯಾಕೆ ಅಂತ ಕೇಳುತ್ತಾನೆಂದು ಕಾದೆ.
ಉತ್ತರವನ್ನೂ ಕಟ್ಟಿಟ್ಟುಕೊಂಡಿದ್ದೆ, ಬುತ್ತಿಯ ಹಾಗೆ.
ಕೇಳಲಿಲ್ಲ.
ಬುತ್ತಿ ಹಳಸಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದಳು ಅವ್ವ.
ಅವಳಿಗೇನು ಗೊತ್ತು,
ಹಾಸಿಗೆಯೇ ಮೂವತ್ತಾರು ಕಂತಿನದಾದರೆ
ಕಾಲು ಎಲ್ಲಿಡಬೇಕು?
"ತಲೆಯ ಕಡೆ ನಮ್ಮದು, ಕಾಲಿನ ಕಡೆ ಕಂಪನಿಯದು"
ಅಂತ ಗುರುಪಾದ ನಕ್ಕ.
ನಾನು ಮೊಣಕಾಲು ಮಡಚಿ ಮಲಗಿದೆ.

ಮಂಗಳವಾರ ಸಂಜೆ ಏಳಕ್ಕೆ
ಹಳದಿ ಚೀಟಿ ಅಂಟಿಸುವ ಹುಡುಗನ ಹಿಂದೆಯೇ
ನಾವು ನಾಲ್ಕೈದು ಜನ, ಒಬ್ಬರ ಮುಖ ಒಬ್ಬರು ನೋಡದೆ,
ಇಪ್ಪತ್ತು ಪೆನ್ಸಿನ ಬ್ರೆಡ್ಡಿಗೆ, ಬಾಡಿದ ಪಾಲಕ್ಕಿಗೆ.
ಬಾಡಿದರೇನು, ಹುಳಿಪಲ್ಯಕ್ಕೆ ಆಗುತ್ತದೆ.
ಬಸ್ಸು ಬಿಟ್ಟು ಕಾಲುವೆ ದಂಡೆಯಲ್ಲಿ ನಡೆದು ಬಂದೆ.
ಬೆಂಕಿ ಆರಿ ಎಷ್ಟೋ ಕಾಲವಾದ ಕುಂಬಾರಗೂಡುಗಳು
ಸೀಸೆಯ ಹಾಗೆ ಕುತ್ತಿಗೆ ಎತ್ತಿ
ನನ್ನ ಚೀಲ ನೋಡಿದವು.

ಜನವರಿಯಲ್ಲಿ ಹೀಟರು ದಿನಕ್ಕೊಂದು ಗಂಟೆ.
ಮೇದಿನಿ ಕೋಟು ತೊಟ್ಟೇ ಹೋಂವರ್ಕು ಬರೆದಳು.
"ನಾವು ಬಡವರಾ?"
"ಅಲ್ಲ, ನಾವು ಲೆಕ್ಕದವರು" ಅಂದ ಅವನು.
ಅವಳಿಗದು ಯಾವುದೋ ಜಾತಿಯ ಹೆಸರಿನಂತೆ ಕೇಳಿಸಿರಬೇಕು,
ಶಾಲೆಯಲ್ಲೂ ಹೇಳಿಬಂದಳು.

ಇಷ್ಟರ ನಡುವೆ ಪಟ್ಟಿಯ ಕೊನೆಗೆ, ಪ್ರತಿ ವಾರ, ಒಂದು ಗೆರೆ:
ಶಾಂಭವಿ, ಎರಡು ಪೌಂಡು. ಲೆಕ್ಕವಿಲ್ಲ.
ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.
ಈ ಎರಡು ಪೌಂಡನ್ನು ಏನು ಮಾಡಲಿ?
ಮೊದಮೊದಲು ವಾಪಸು ಡಬ್ಬಿಗೇ ಹಾಕಿದೆ;
ಮರುವಾರ ಅದನ್ನೇ ತೆಗೆದು, ಮಾತಿಲ್ಲದೆ,
ನನ್ನ ಲೋಟದ ಪಕ್ಕ ಇಟ್ಟ.
ಫೆಬ್ರವರಿಯ ಒಂದು ಗುರುವಾರ
ಬಸ್‌ಸ್ಟಾಪಿನ ಗಾಳಿಗೆ ಬೆನ್ನು ಕೊಟ್ಟು ನಿಂತು
ಬಿಸಿ ಚಿಪ್ಸಿನ ಮೇಲೆ ವಿನಿಗರ್ ಸುರಿಸಿಕೊಂಡು
ಒಬ್ಬಳೇ ತಿಂದೆ, ಬೆರಳು ನೆಕ್ಕಿದೆ.
ಮೂರು ವರ್ಷದಲ್ಲಿ ನಾನು ಕೊಂಡದ್ದರಲ್ಲಿ
ನೆನಪಿರುವುದು ಅದೊಂದೇ.

ಇವತ್ತು ಮಂಚದ ಕಡೆಯ ಕಂತು ಹೋಯಿತು.
ಗೆರೆ ಹೊಡೆಯಲು ಮೇದಿನಿಗೆ ಪೆನ್ನು ಕೊಟ್ಟೆವು,
ಕಾಗದ ಹರಿಯುವಷ್ಟು ಒತ್ತಿ ಎಳೆದಳು.
ಇನ್ನೂ ಎರಡು ಕಾರ್ಡಿವೆ, ಸಾವಿರದ ಒಂಬೈನೂರ ನಲವತ್ತು;
ಮುಂದಿನ ದೀಪಾವಳಿಯ ಹೊತ್ತಿಗೆ ತೀರಬಹುದು,
ಬಾಯ್ಲರು ಕೆಡದಿದ್ದರೆ.

ದೀಪ ಆರಿಸಿ ಕಾಲು ಪೂರ್ತಿ ಚಾಚಿದೆ.
ಆ ತುದಿ ಎಷ್ಟು ತಣ್ಣಗಿತ್ತು,
ಯಾರೂ ವಾಸವಿಲ್ಲದ ಕೋಣೆಯ ಹಾಗೆ.
ಕತ್ತಲಲ್ಲಿ ತಡಕಿದರೆ
ಅವನ ಪಾದವೂ ಆಗಷ್ಟೇ
ಅಲ್ಲಿಗೆ ಬಂದು ಸೇರಿತ್ತು.