ಸುಮ್ನೆ

ಪೀಣ್ಯ ಎರಡನೇ ಹಂತ, ವೇಬ್ರಿಡ್ಜಿನ ಪಕ್ಕ ತಗಡಿನ ಕೋಣೆ.
ಹದಿನೇಳು ವರ್ಷ ಹಳೆಯ ಪ್ರೋಗ್ರಾಮು.
ಬರೆದವರು ಯಾರೆಂದು ಗಂಗಹನುಮಯ್ಯನವರಿಗೂ ಗೊತ್ತಿಲ್ಲ.
"ಒಬ್ರು ಬರೋರು, ಟಿವಿಎಸ್ಸಲ್ಲಿ. ಟೀ ಕುಡೀತಿರಲಿಲ್ಲ."
ಅಷ್ಟೇ.

ನನಗೆ ಅವರ ಪರಿಚಯ ಅವರಿಟ್ಟ ಹೆಸರುಗಳಿಂದ.
ಬೇರೆಯವರ ಕೋಡಿನಲ್ಲಿ ಬಟನ್ ಒಂದು, ಬಟನ್ ಎರಡು,
ಟೆಕ್ಸ್ಟ್‌ಬಾಕ್ಸ್ ಮೂವತ್ತೇಳು:
ಹೆರಿಗೆ ಆಸ್ಪತ್ರೆಯವರು ಕೈಗೆ ಕಟ್ಟಿದ ನಂಬರಿನಲ್ಲೇ
ಬೆಳೆದು ಮುದುಕಾದಂಥವು.
ಇಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಪ್ಪಟ ಕನ್ನಡ.
ಬಟನ್ ತೂಕ. ಬಾಕ್ಸ್ ಲಾರಿ. ಲೇಬಲ್ ಬಾಕಿಕಾಸು.
ತಪ್ಪಾದರೆ ಕೆಂಪಾಗುವ ಪಟ್ಟಿಗೆ, ಅಯ್ಯೋ.

ಇನ್ನೊಂದಿತ್ತು. ಬಟನ್ ಸುಮ್ನೆ.
ಉದ್ದ ಒಂದು ಚುಕ್ಕಿ, ಅಗಲ ಒಂದು ಚುಕ್ಕಿ,
ಪರದೆಯ ಎಡ ಅಂಚಿನಿಂದ ಇನ್ನೂರು ಚುಕ್ಕಿ ಆಚೆ.
ಮೌಸು ತಲುಪದು. ಒತ್ತಿದರೂ ಏನೂ ಆಗದು.
ತೆಗೆದು ಬಿಸಾಕಿದೆ. ಕಸ ಗುಡಿಸಿದವಳ ಹೆಮ್ಮೆಯಲ್ಲಿ
ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿದೆ.

ಬೆಳಿಗ್ಗೆ ಏಳಕ್ಕೆ ಫೋನು:
"ಮೇಡಂ, ಲಾರಿಗಳು ಮೇನ್ ರೋಡ್ ತಂಕ ನಿಂತವೆ."

ಕಂಪೈಲರು ಯಾಕೆ ಹೇಳಲಿಲ್ಲ?
ಅದಕ್ಕೆ ಅದು ಎರಡು ಕೊಕ್ಕೆಗಳ ನಡುವಿನ ಬರೀ ಅಕ್ಷರ;
ಆ ಹೆಸರಿಗೊಂದು ಆಳಿದೆಯೋ ಇಲ್ಲವೋ
ಓಡುವಾಗಲೇ ತಿಳಿಯಬೇಕು.
ಮೂಲೆಯಲ್ಲೊಂದು ಸಾಲು ನಿಂತು ಕೂಗುತ್ತಿತ್ತು:
ಸುಮ್ನೆ ಅನ್ನುವವರು ಯಾರು?
ಮಕ್ಕಳ ಮಕ್ಕಳಲ್ಲೂ ಹುಡುಕು: ಹೌದು.

ಶ್ರೀರಾಂಪುರದ ನಮ್ಮ ವಠಾರದಲ್ಲಿ ಪೋಸ್ಟಿನ ಚನ್ನಯ್ಯ
ನಲ್ಲಿಯ ಹತ್ತಿರ ನಿಂತು ಹೀಗೇ ಕೂಗುತ್ತಿದ್ದ.
"ಮಂಗಳಾ" ಅಂದರೆ ಮೂರು ಬಾಗಿಲಿಂದ ಮೂರು ಮಂಗಳ.
ಒಂದು ಸಲ ಮನಿಯಾರ್ಡರು ಹಿಡಿದು "ರತ್ನಾಬಾಯಿ" ಅಂದ.
ಯಾರೂ ಬರಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು.
ಆ ಖಾಲಿಗೆ ನಮ್ಮ ಕಸುಬಿನಲ್ಲಿ ನಲ್ ಅನ್ನುತ್ತೇವೆ.
ಚನ್ನಯ್ಯ ಚೀಟಿ ಮಡಿಸಿ ಚೀಲಕ್ಕೆ ಹಾಕಿಕೊಂಡ,
ಮುಂದಿನ ಬೀದಿಗೆ ಹೋದ.
ಈ ಸಾಲಿಗೆ ಅಷ್ಟು ಬುದ್ಧಿ ಕಲಿಸಿರಲಿಲ್ಲ.
ಇಲ್ಲದ ಕೈ ಹಿಡಿದು ಎಳೆಯಿತು,
ಇಡೀ ಪ್ರೋಗ್ರಾಮು ಮಕಾಡೆ ಬಿತ್ತು.

ಇದ್ದಲ್ಲೇ ಇಟ್ಟೆ. ಪಕ್ಕದಲ್ಲಿ ನಿಂತು ನೋಡಿದೆ.
ಲಾರಿ ಹತ್ತಿತು. ಅಂಕಿ ಕುಣಿಯಿತು:
ಹದಿನಾಲ್ಕು ಸಾವಿರದ ಮುನ್ನೂರು,
ಇನ್ನೂರ ಎಂಬತ್ತು, ಮುನ್ನೂರ ಇಪ್ಪತ್ತು.
ಗಂಗಹನುಮಯ್ಯನವರ ಬೆರಳಿಗೆ ತಡೆಯದು;
ಎಂಟರ್, ಎಂಟರ್, ಮತ್ತೆ ಎಂಟರ್.
ಅಷ್ಟೂ ಹೊತ್ತು ಕರ್ಸರು
ಆ ಕಾಣದ ಚುಕ್ಕಿಯ ಮೇಲೆ ಕೂತಿತ್ತು,
ಏಟೆಲ್ಲ ತಾನೇ ತಿನ್ನುತ್ತ.
ಅಂಕಿ ನಿಂತಿತು. ಆಗ ಎದ್ದು
ತೂಕಕ್ಕೆ ಜಾಗ ಬಿಟ್ಟಿತು.

ನಾನು ಸೇರಿಸಿದ್ದು ಒಂದೇ ಸಾಲು:
ಸಿಗದಿದ್ದರೆ ಬೀಳಬೇಡ, ಹೇಳು.
ಹೆಸರು ಮುಟ್ಟಲಿಲ್ಲ.

"ಏನ್ ಮಾಡುದ್ರಿ ಮೇಡಂ, ಸರಿಹೋಯ್ತಲ್ಲ?"
"ಸುಮ್ನೆ" ಅಂದೆ.
ಅವರು ಮುಂದಿನ ಲಾರಿಗೆ ಕೈ ಬೀಸಿದರು.