ಕಾಲುಚೀಲದ ಅಂಚು

(ಲಿಥುವೇನಿಯಾ, ೧೯೪೯)

ಸಂತೆಚೌಕದ ಕಲ್ಲುಹಾಸಿನ ಮೇಲೆ
ಮೂವರನ್ನು ಸಾಲಾಗಿ ಕೆಡವಿದ್ದಾರೆ.
ಬೂಟು ರಷ್ಯದ ಸಿಪಾಯಿಗಳ ಪಾಲು.
ಮುಖ ಗ್ರೆನೇಡಿನ ಪಾಲು:
ಮನೆಯವರ ಗುರುತು ಹತ್ತಬಾರದೆಂದು
ಗದ್ದದಡಿ ಹಿಡಿದು ತಾವೇ ಸಿಡಿಸಿಕೊಂಡದ್ದು.

ಉಳಿದದ್ದು ಕಾಲುಚೀಲ.

ಕಾಡು ಸೇರಿದ ಹನ್ನೊಂದು ಹುಡುಗರಿಗೂ
ಹೆಣೆದುಕೊಟ್ಟವಳು ನಾನೇ.
ಒಗೆಯಲು ಬಂದಾಗ ಅದಲುಬದಲಾಗದಿರಲಿ ಅಂತ
ಒಬ್ಬೊಬ್ಬನಿಗೆ ಒಂದೊಂದು ಅಂಚು.
ಬ್ರೊನ್ಯುಸನಿಗೆ ಹಸಿರು,
ಪೆತ್ರೊನೆಲೆಯ ಮಗ ಜಿಗ್ಮಾಸನಿಗೆ
ಈರುಳ್ಳಿ ಸಿಪ್ಪೆಯಲ್ಲಿ ಕುದಿಸಿದ ಹಳದಿ.
ಎಂಥ ಜಾಣೆ ನಾನು!

ಸಂತೆಗೆ ಬಂದವರೆಲ್ಲ ಹೆಣ ಹಾದೇ ಹೋಗಬೇಕು.
ಯಾರ ಕಣ್ಣು ಒದ್ದೆಯಾದೀತು ಎಂದು
ಸಿಗರೇಟು ಸೇದುತ್ತ ನೋಡುತ್ತಾನೆ ಲೆಫ್ಟಿನೆಂಟ್.
ಅತ್ತವರ ಮನೆಗೆ ಅಂದೇ ರಾತ್ರಿ ಲಾರಿ.

ನನ್ನ ಮುಂದೆಯೇ ಪೆತ್ರೊನೆಲೆ, ಮೊಟ್ಟೆಬುಟ್ಟಿ ಹಿಡಿದು.
ನಡುವಿನವನ ಕಣಕಾಲಿನ ಸುತ್ತ ಹಳದಿ.
ನಿಂತಳು.
"ನಿನ್ನವನೇನು?" ದುಭಾಷಿ ಕೇಳಿದ.
"ನನ್ನ ಮಗನಾಗಿದ್ದರೆ
ಹಿಮ್ಮಡಿ ಹೀಗೆ ಹರಿಯಲು ಬಿಡುತ್ತಿದ್ದೆನೆ?"
ಎಂದವಳೇ ಮೊಟ್ಟೆಯ ಬೆಲೆ ಕೂಗುತ್ತ ಮುಂದೆ ನಡೆದಳು.
ಬುಟ್ಟಿಯಲ್ಲಿ ಒಂದೂ ಒಡೆದಿರಲಿಲ್ಲ,
ಆಮೇಲೆ ಎಣಿಸಿದೆ.

ರಾತ್ರಿ ಬಂದಳು. ಮಾತಿಲ್ಲ.
ಮೇಜಿನ ಮೇಲೆ ಒಂದು ಉಂಡೆ ಹಳದಿ ನೂಲು ಇಟ್ಟಳು,
ಬರುವ ಚಳಿಗಾಲಕ್ಕೆಂದು ತಾನೇ ಬಣ್ಣ ಕಟ್ಟಿದ್ದು.
ಇಬ್ಬರೂ ಸೇರಿ ಒಲೆಗೆ ಹಾಕಿದೆವು.
ಉಣ್ಣೆ ಸುಟ್ಟರೆ
ಕೂದಲು ಸುಟ್ಟ ವಾಸನೆಯೇ.

ಇನ್ನು ಎಂಟು ಜನ.
ಎಲ್ಲರಿಗೂ ಒಂದೇ ಬೂದು, ಅಂಚಿಲ್ಲ.
ಅದಲುಬದಲಾದರೆ ಆಗಲಿ.
ಹಿಮ್ಮಡಿಗೆ ಮಾತ್ರ ಈಗ
ಎರಡೆಳೆ ಹಾಕುತ್ತೇನೆ.